ಡ್ಯಾಶ್‌ಕ್ಯಾಮ್‌ನ ದೃಶ್ಯ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? ತಪ್ಪು ಸಮಯ ತೋರಿಸುತ್ತಿರುವ ಕಡತದ ಬಗ್ಗೆ ಸಲಹೆ ಬೇಕಾಗಿದೆ

ಪ್ರಶ್ನೆ – ದಾವಣಗೆರೆಯ ಓದುಗ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ತಾಯಿಯವರನ್ನು ಕರೆದುಕೊಂಡು ಬೆಂಗಳೂರಿನಿಂದ ಊರಿಗೆ ಹೊರಟಿದ್ದಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನನ್ನ ಕಾರಿಗೂ ಒಂದು ಬೈಕಿಗೂ ಡಿಕ್ಕಿಯಾಯಿತು. ಆಗ ರಾತ್ರಿ ಸುಮಾರು 8 ಗಂಟೆ 40 ನಿಮಿಷ. ರಸ್ತೆ ವಿಭಜಕವನ್ನು ಒಡೆದು ಸುತ್ತಮುತ್ತಲಿನವರು ದಾಟಲು ಮಾಡಿಕೊಂಡಿರುವ ಸಂದಿಯೊಂದರಿಂದ ಆ ಬೈಕು ದೀಪವಿಲ್ಲದೆ ನೇರವಾಗಿ ನನ್ನ ಪಥಕ್ಕೆ ಬಂದಿತು. ನಾನು ಬ್ರೇಕ್ ಒತ್ತಿದರೂ ಕಾರಿನ ಎಡಮೂಲೆ ತಗುಲಿ ಸವಾರರ ಬಲಗಾಲಿನ ಮೂಳೆ ಮುರಿಯಿತು. 108ಕ್ಕೆ ನಾನೇ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಅವರ ಪಕ್ಕದಲ್ಲೇ ಕುಳಿತಿದ್ದೆ. ಅವರು ಈಗ ಚೇತರಿಸಿಕೊಳ್ಳುತ್ತಿದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನ.

ಮರುದಿನ ಅವರ ಸಹೋದರರು ಕೊಟ್ಟ ದೂರಿನ ಮೇಲೆ ನನ್ನ ವಿರುದ್ಧ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಕಲಮುಗಳಡಿ ಪ್ರಥಮ ವರ್ತಮಾನ ವರದಿ ದಾಖಲಾಗಿದೆ. ನಾನು ಅತಿವೇಗದಿಂದಲೂ ಅಜಾಗರೂಕತೆಯಿಂದಲೂ ಬಂದು ರಸ್ತೆ ಬದಿಯಲ್ಲಿ ನಿಂತಿದ್ದ ಬೈಕಿಗೆ ಗುದ್ದಿದೆ ಎಂದು ಅದರಲ್ಲಿದೆ. ನನ್ನ ಕಾರಿನ ಡ್ಯಾಶ್‌ಕ್ಯಾಮ್‌ನಲ್ಲಿ ಇಡೀ ಘಟನೆ ದಾಖಲಾಗಿದೆ. ವೇಗ 78 ಕಿಲೋಮೀಟರ್ ಎಂದು ಪರದೆಯ ಮೇಲೆಯೇ ಮೂಡಿದೆ. ನಾಲ್ಕು ಪಥಗಳ, ವಿಭಜಕವಿರುವ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ ಮಿತಿ 100 ಎಂದು ತಿಳಿದಿದ್ದೇನೆ.

ಆದರೆ ನಾಲ್ಕು ತೊಡಕುಗಳಿವೆ. ದೃಶ್ಯದ ಮೇಲೆ ಮೂಡಿರುವ ಸಮಯ ಮಧ್ಯಾಹ್ನ 3 ಗಂಟೆ 10 ನಿಮಿಷ, ಆದರೆ ಹೊರಗೆಲ್ಲ ಕತ್ತಲು. ಇದನ್ನು ನೋಡಿದ ಠಾಣೆಯವರು ಇದು ಬೇರೆ ದಿನದ ದೃಶ್ಯವಿರಬಹುದು ಎಂದರು. ಎರಡನೆಯದಾಗಿ, ಅವರು ಕೇಳಿದರೆಂದು ನಾನು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೇನೆ, ಮೆಮೊರಿ ಕಾರ್ಡ್ ನನ್ನ ಬಳಿಯೇ ಇದೆ. ಮೂರನೆಯದಾಗಿ, ವಿಷಯ ತಿಳಿಯದೆ ಎರಡು ದಿನ ಅದೇ ಕಾರ್ಡನ್ನು ಬಳಸಿಬಿಟ್ಟೆ. ಡಿಕ್ಕಿಯ ಕಡತ ಉಳಿದಿದೆ, ಅದಕ್ಕಿಂತ ಹಿಂದಿನ ಕಡತಗಳು ಅಳಿದುಹೋಗಿವೆ. ಹಾಗಾಗಿ ಡಿಕ್ಕಿಗೆ ಮುಂಚಿನ 40 ಸೆಕೆಂಡುಗಳು ಮಾತ್ರ ಸಿಗುತ್ತವೆ. ನಾಲ್ಕನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ಕ್ಯಾಮೆರಾ ಧ್ವನಿಯನ್ನೂ ದಾಖಲಿಸುತ್ತದೆ. ಡಿಕ್ಕಿಯಾದ ಕೂಡಲೇ ನಾನು ‘ಅಯ್ಯೋ, ನಾನು ನೋಡಲೇ ಇಲ್ಲವಲ್ಲ’ ಎಂದು ಕೂಗಿಕೊಂಡದ್ದು ಸ್ಪಷ್ಟವಾಗಿ ಕೇಳುತ್ತದೆ. ಧ್ವನಿಯನ್ನು ತೆಗೆದು ದೃಶ್ಯವನ್ನಷ್ಟೇ ಕೊಡುವುದು ಒಳ್ಳೆಯದು ಎಂದು ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 – ಅಪಘಾತ ಪ್ರಕರಣಗಳನ್ನು ನಡೆಸುವ ವಕೀಲ

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ಹೆಜ್ಜೆಯಿಟ್ಟರೆ ಉಳಿದ ಮೂರಕ್ಕೆ ಉತ್ತರವಿದ್ದೂ ಪ್ರಯೋಜನವಾಗುವುದಿಲ್ಲ. ಧ್ವನಿಯನ್ನು ತೆಗೆಯಬೇಡಿ. ಕಡತವನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ, ಬೆಳಕು ಹೆಚ್ಚಿಸಿ ‘ಸ್ಪಷ್ಟ’ಗೊಳಿಸಲೂ ಹೋಗಬೇಡಿ. ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಿ ಬರಬಹುದಾದ ವಿದ್ಯುನ್ಮಾನ ದಾಖಲೆಯನ್ನು ಹಾಜರಾಗದಂತೆ ನಾಶಪಡಿಸುವುದು ನ್ಯಾಯ ಸಂಹಿತೆಯ 241ನೇ ಕಲಮಿನಡಿ ಪ್ರತ್ಯೇಕ ಅಪರಾಧ. ಶಿಕ್ಷೆಯ ಮಾತು ಹಾಗಿರಲಿ, ನೀವು ಒಂದು ಸಣ್ಣ ತುಂಡನ್ನು ತೆಗೆದಿದ್ದೀರಿ ಎಂದು ಪಾಟಿ ಸವಾಲಿನಲ್ಲಿ ಹೊರಬಿದ್ದರೆ, ಉಳಿದ ಸತ್ಯವನ್ನೂ ನ್ಯಾಯಾಧೀಶರು ನಂಬುವುದು ಕಷ್ಟ. ‘ನೋಡಲೇ ಇಲ್ಲ’ ಎಂಬ ಉದ್ಗಾರ ತಪ್ಪೊಪ್ಪಿಗೆಯಲ್ಲ. ಘಟನೆಯ ಕ್ಷಣದಲ್ಲೇ, ಯೋಚಿಸಲು ವ್ಯವಧಾನವಿಲ್ಲದೆ ಬಂದ ಮಾತು ಅದೇ ಘಟನೆಯ ಭಾಗವಾಗಿ ಸಾಕ್ಷ್ಯ ಅಧಿನಿಯಮದ 4ನೇ ಕಲಮಿನಡಿ ಪ್ರಸ್ತುತವಾಗುತ್ತದೆ. ಅದನ್ನು ದೃಶ್ಯದ ಜೊತೆ ಸೇರಿಸಿಯೇ ಓದಬೇಕು. ದೀಪವಿಲ್ಲದ ಬೈಕು ಸಂದಿಯಿಂದ ಹೊರಬರುವುದು ದೃಶ್ಯದಲ್ಲಿ ಕಾಣುವುದಾದರೆ, ನೋಡಲಾಗಲಿಲ್ಲ ಎಂಬ ಮಾತು ನಿಮ್ಮ ಪರವಾಗಿಯೂ ನಿಲ್ಲಬಲ್ಲದು.

ಈಗ ಕಾನೂನಿನ ಚೌಕಟ್ಟು. 2024ರ ಜುಲೈ 1ರಿಂದ 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಗಳ ಕುರಿತ ಹಳೆಯ 65ಬಿ ಕಲಮಿನ ಜಾಗಕ್ಕೆ ಈಗ 63ನೇ ಕಲಮು ಬಂದಿದೆ. ಮೂಲ ಸಾಧನವನ್ನಲ್ಲದೆ ಅದರ ಪ್ರತಿಯನ್ನು ಹಾಜರುಪಡಿಸುವಾಗ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಅಧಿನಿಯಮದ ಅನುಸೂಚಿಯಲ್ಲಿ ಅದರ ನಮೂನೆಯಿದೆ. ಭಾಗ ಎ ಅನ್ನು ಸಾಧನ ಯಾರ ವಶದಲ್ಲಿತ್ತೋ ಅವರು, ಅಂದರೆ ನೀವು, ತುಂಬಬೇಕು. ಭಾಗ ಬಿ ಅನ್ನು ತಜ್ಞರೊಬ್ಬರು ತುಂಬಬೇಕು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯವನ್ನೂ, ಅದನ್ನು ಯಾವ ಕ್ರಮದಲ್ಲಿ ಲೆಕ್ಕ ಹಾಕಲಾಯಿತೆಂಬುದನ್ನೂ ಬರೆಯಬೇಕು. ಹ್ಯಾಶ್ ಎಂದರೇನೆಂದು ತಂತ್ರಜ್ಞರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಈ ಪ್ರಮಾಣಪತ್ರ ಬೇಕೇ ಬೇಡವೇ ಎಂಬ ಬಗ್ಗೆ ಬಹಳ ವರ್ಷ ಜಗ್ಗಾಟ ನಡೆದಿದೆ. 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಬೇಕೇ ಬೇಕು ಎಂದಿತು. 2018ರಲ್ಲಿ ಇನ್ನೊಂದು ಪೀಠ, ಸಾಧನ ತನ್ನ ವಶದಲ್ಲಿಲ್ಲದವರಿಗೆ ವಿನಾಯಿತಿ ಕೊಟ್ಟಿತು. 2020ರ ಜುಲೈನಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 2014ರ ನಿಲುವನ್ನೇ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ನಿಮಗೆ ಬಹಳ ಬೇಕಾದ ಮಾತೊಂದಿದೆ: ಸಾಧನದ ಮಾಲೀಕರೇ ಸಾಕ್ಷಿ ಕಟಕಟೆಗೆ ಬಂದು, ಮೂಲ ದಾಖಲೆಯಿರುವ ಸಾಧನವನ್ನೇ ಹಾಜರುಪಡಿಸಿ, ಅದು ತನ್ನದೆಂದೂ ತಾನೇ ಬಳಸುತ್ತಿದ್ದುದೆಂದೂ ನುಡಿದರೆ ಪ್ರಮಾಣಪತ್ರದ ಅಗತ್ಯವಿಲ್ಲ. ನಿಮ್ಮ ಬಳಿ ಮೂಲ ಕಾರ್ಡ್ ಇದೆ. ಅದು ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು. ಇನ್ನು ಚಾರ್ಜ್‌ಶೀಟ್ ಜೊತೆಯಲ್ಲೇ ಪ್ರಮಾಣಪತ್ರ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ನಮ್ಮ ರಾಜ್ಯದ ಲೋಕಾಯುಕ್ತ ಪೊಲೀಸರ ಪ್ರಕರಣವೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ವಾಟ್ಸ್‌ಆ್ಯಪ್ ಪ್ರತಿಯ ಬಗ್ಗೆ ಒಂದೇ ಮಾತು. ಅದು ಠಾಣೆಯವರಿಗೆ ವಿಷಯ ತಿಳಿಸಿದ್ದಕ್ಕೆ ಗುರುತಾಗಬಹುದು, ಸಾಕ್ಷ್ಯವಾಗಲಾರದು. ಕಳುಹಿಸುವಾಗಲೇ ಕಡತ ಕುಗ್ಗಿ, ಅದರೊಳಗಿನ ವಿವರಗಳು ಕಳಚಿಹೋಗಿರುತ್ತವೆ.

ನಿಮ್ಮ ವಿಷಯ ಎರಡು ಕಡೆ ನಡೆಯುತ್ತದೆ ಎಂಬುದನ್ನೂ ಗಮನದಲ್ಲಿಡಿ. ಕ್ರಿಮಿನಲ್ ನ್ಯಾಯಾಲಯದಲ್ಲಿ ನಿಮ್ಮ ಅಜಾಗರೂಕತೆಯನ್ನು ಸಂದೇಹಾತೀತವಾಗಿ ರುಜುವಾತುಪಡಿಸುವ ಹೊಣೆ ಸರ್ಕಾರದ್ದು. ಆದರೆ ಆರೋಪ ಹೊರಿಸುವ ಹಂತದಲ್ಲಿ ಆರೋಪಿ ತಂದ ದಾಖಲೆಯನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಹಾಗಾಗಿ ತನಿಖೆ ನಡೆಯುತ್ತಿರುವ ಈಗಲೇ ದೃಶ್ಯವನ್ನು ಲಿಖಿತ ಪತ್ರದೊಂದಿಗೆ ತನಿಖಾಧಿಕಾರಿಗೆ ಒಪ್ಪಿಸಿ ಸ್ವೀಕೃತಿ ಪಡೆಯುವುದಕ್ಕೆ ಬೆಲೆಯಿದೆ. ಸವಾರರು ಪರಿಹಾರ ಕೇಳಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಅಳತೆಗೋಲೇ ಬೇರೆ. ಅಲ್ಲಿ ಸಂಭವನೀಯತೆ ಯಾವ ಕಡೆ ವಾಲುತ್ತದೆ ಎಂಬುದಷ್ಟೇ ಪ್ರಶ್ನೆ, ವಿಚಾರಣೆಯೂ ಸಂಕ್ಷಿಪ್ತ. ಅಲ್ಲಿ ಇಂತಹ ದೃಶ್ಯದಿಂದ ಯಾರ ಪಾಲಿನ ತಪ್ಪು ಶೇಕಡಾ ಎಷ್ಟು ಎಂಬುದು ತೀರ್ಮಾನವಾಗುವ ಸಾಧ್ಯತೆ ಹೆಚ್ಚು. ವಿಮಾ ಕಂಪನಿಗೆ ದೃಶ್ಯವಿರುವ ವಿಷಯವನ್ನು ಇಂದೇ ಪತ್ರ ಮುಖೇನ ತಿಳಿಸಿ.

ಕೆಲವರು ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮವನ್ನು ತೋರಿಸಿ, ಅದರಲ್ಲಿ ‘ಡ್ಯಾಶ್‌ಬೋರ್ಡ್ ಕ್ಯಾಮೆರಾ’ ಎಂಬ ಪದವಿದೆ, ಆದ್ದರಿಂದ ನಮ್ಮ ಕ್ಯಾಮೆರಾಗಳಿಗೆ ಸರ್ಕಾರದ ಮಾನ್ಯತೆಯಿದೆ ಎನ್ನುತ್ತಾರೆ. ಅದು ತಪ್ಪು ಗ್ರಹಿಕೆ. 2021ರ ಆಗಸ್ಟ್‌ನಲ್ಲಿ ಬಂದ ಆ ನಿಯಮ ಸರ್ಕಾರದ ಜಾರಿ ಸಂಸ್ಥೆಗಳು ಅಳವಡಿಸುವ, ಅನುಮೋದನೆ ಪಡೆದ ಸಾಧನಗಳಿಗೆ ಸಂಬಂಧಿಸಿದ್ದು. ಖಾಸಗಿ ಕ್ಯಾಮೆರಾ ಅದರೊಳಗೆ ಬರುವುದಿಲ್ಲ. ಹಾಗೆಂದು ನಿಷಿದ್ಧವೂ ಅಲ್ಲ, ಅದು ಸಾಕ್ಷ್ಯ ಅಧಿನಿಯಮದ ಸಾಮಾನ್ಯ ದಾರಿಯಲ್ಲೇ ನಡೆಯಬೇಕು.

ಉತ್ತರ 2 – ವಿಡಿಯೊ ಉಪಕರಣಗಳ ತಂತ್ರಜ್ಞ

ನಿಮ್ಮ ಕ್ಯಾಮೆರಾದ ಸಮಯ ತಪ್ಪಿಲ್ಲ ಎಂದೇ ನನ್ನ ಬಲವಾದ ಊಹೆ. 8 ಗಂಟೆ 40 ನಿಮಿಷದಿಂದ 3 ಗಂಟೆ 10 ನಿಮಿಷವನ್ನು ಕಳೆಯಿರಿ, ಸರಿಯಾಗಿ ಐದೂವರೆ ಗಂಟೆ ಉಳಿಯುತ್ತದೆ. ನಮ್ಮ ದೇಶದ ಗಡಿಯಾರ ಅಂತರರಾಷ್ಟ್ರೀಯ ಸಮಯಕ್ಕಿಂತ ಅಷ್ಟೇ ಮುಂದಿದೆ. ನಿಮ್ಮ ಕ್ಯಾಮೆರಾದಲ್ಲಿ ಜಿಪಿಎಸ್ ಇದೆ, ಇಲ್ಲದಿದ್ದರೆ ವೇಗ ಮೂಡುತ್ತಿರಲಿಲ್ಲ. ಅಂತಹ ಕ್ಯಾಮೆರಾ ಉಪಗ್ರಹದಿಂದ ಸಮಯವನ್ನು ತೆಗೆದುಕೊಳ್ಳುತ್ತದೆ. ಸಮಯವಲಯವನ್ನು ಯಾರೂ ಆರಿಸದೆ ಸೊನ್ನೆಯಲ್ಲೇ ಬಿಟ್ಟಿದ್ದರೆ ಅಂತರರಾಷ್ಟ್ರೀಯ ಸಮಯವನ್ನೇ ಬರೆಯುತ್ತದೆ. ಹಾಗಾಗಿ ಗಂಟೆ ಬೇರೆಯಾದರೂ ನಿಮಿಷ, ಸೆಕೆಂಡುಗಳು ನಿಮ್ಮ ಕೈಗಡಿಯಾರಕ್ಕಿಂತ ಕರಾರುವಾಕ್ಕಾಗಿರುತ್ತವೆ. ಜಿಪಿಎಸ್ ಇಲ್ಲದ ಅಗ್ಗದ ಕ್ಯಾಮೆರಾಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತು ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋಗುವುದುಂಟು, ಅದನ್ನು ವಿವರಿಸುವುದು ಕಷ್ಟ. ನಿಮ್ಮದನ್ನು ವಿವರಿಸಬಹುದು, ಹೊರಗಿನ ಇನ್ನೊಂದು ಗಡಿಯಾರಕ್ಕೆ ತಾಳೆ ಹಾಕಿಯೂ ತೋರಿಸಬಹುದು. ಕಡತದ ಒಳಗೆ, ನಿಮಿಷ ಗೊತ್ತಿರುವ ಯಾವುದಾದರೂ ಸಂಗತಿ ಸಿಗುತ್ತದೆಯೇ ಎಂದು ಕೂತು ಹುಡುಕಿ.

ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಇಡೀ ಕಡತವನ್ನು ಒಂದು ಗಣಿತದ ಕ್ರಮಕ್ಕೆ ಒಡ್ಡಿದಾಗ ನಿಗದಿತ ಉದ್ದದ ಅಕ್ಷರ-ಅಂಕಿಗಳ ಸಾಲೊಂದು ಸಿಗುತ್ತದೆ. ಎಸ್‌ಎಚ್‌ಎ 256 ಎಂಬ ಕ್ರಮದಲ್ಲಿ ಅದು 64 ಅಕ್ಷರಗಳಷ್ಟಿರುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್ ಗಣಕದಲ್ಲಿ ಇದಕ್ಕೆ ಬೇಕಾದ ‘ಸರ್ಟ್‌ಯುಟಿಲ್’ ಮೊದಲೇ ಇರುತ್ತದೆ, ಬೇರೇನೂ ಕೊಳ್ಳಬೇಕಿಲ್ಲ. ಆದರೆ ಕಾರ್ಡನ್ನು ಗಣಕಕ್ಕೆ ಹಾಕುವ ಮುನ್ನ ಒಂದು ಎಚ್ಚರಿಕೆ. ಮೈಕ್ರೊಎಸ್‌ಡಿ ಕಾರ್ಡಿನಲ್ಲಿ ಬರೆಯದಂತೆ ತಡೆಯುವ ಗುಂಡಿ ಇರುವುದಿಲ್ಲ. ಅದನ್ನು ದೊಡ್ಡ ಎಸ್‌ಡಿ ಅಡಾಪ್ಟರಿಗೆ ಸೇರಿಸಿ, ಅದರ ಬದಿಯ ಪುಟ್ಟ ಗುಂಡಿಯನ್ನು ಬೀಗದ ಕಡೆಗೆ ಸರಿಸಿ, ಆಮೇಲೆ ಹಾಕಿ. ಅದೂ ಒಂದು ಮಟ್ಟದ ರಕ್ಷಣೆ ಮಾತ್ರ. ತಜ್ಞರ ಬಳಿ ಇದಕ್ಕೆಂದೇ ಇರುವ ಸಾಧನಗಳು ಹೆಚ್ಚು ನಂಬಿಕಸ್ಥ. ನೀವೇ ಮಾಡುವುದಾದರೆ ಕಾರ್ಡಿನ ಪೂರ್ತಿ ಪ್ರತಿಯನ್ನು ಒಮ್ಮೆ ತೆಗೆದು, ಮುಂದೆ ನೋಡುವುದು ತೋರಿಸುವುದೆಲ್ಲ ಪ್ರತಿಯಿಂದಲೇ ನಡೆಯಲಿ.

ಹಿಂದಿನ ಕಡತಗಳು ಅಳಿದದ್ದಕ್ಕೆ ಕಾರಣ ಹೀಗಿದೆ. ಡ್ಯಾಶ್‌ಕ್ಯಾಮ್ ಒಂದು, ಮೂರು ಅಥವಾ ಐದು ನಿಮಿಷಗಳ ತುಂಡುಗಳಾಗಿ ಬರೆಯುತ್ತಾ ಹೋಗಿ, ಜಾಗ ತುಂಬಿದಾಗ ಅತಿ ಹಳೆಯದರ ಮೇಲೆ ಬರೆಯುತ್ತದೆ. ಸೆಕೆಂಡಿಗೆ 16 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ಗಂಟೆಗೆ ಸುಮಾರು 7 ಗಿಗಾಬೈಟ್ ಬೇಕು. ಎಂದರೆ 64 ಗಿಗಾಬೈಟಿನ ಕಾರ್ಡಿನಲ್ಲಿ ಎಂಟು ಒಂಬತ್ತು ಗಂಟೆಗಳ ಚಾಲನೆಯಷ್ಟೇ ಉಳಿಯುತ್ತದೆ. ಡಿಕ್ಕಿಯ ಹೊಡೆತವನ್ನು ಒಳಗಿನ ಸಂವೇದಕ ಗುರುತಿಸಿ ಆ ಒಂದು ತುಂಡಿಗೆ ಬೀಗ ಹಾಕಿದ್ದರಿಂದ ಅದು ಉಳಿದಿದೆ. ಮೇಲೆ ಬರೆದು ಹೋದದ್ದನ್ನು ಯಾರೂ ಮರಳಿ ತರಲಾರರು. ಅಳಿಸಿದ್ದರೂ ಅದರ ಮೇಲೆ ಇನ್ನೂ ಬರೆಯದಿರುವ ತುಂಡುಗಳು ಸಿಕ್ಕರೆ ಸಿಗಬಹುದು, ಆದ್ದರಿಂದ ಆ ಕಾರ್ಡಿಗೆ ಇನ್ನು ಏನನ್ನೂ ಬರೆಯಬೇಡಿ. ಹೊಸದನ್ನು ಕೊಳ್ಳುವಾಗ, ಸತತ ಬರವಣಿಗೆಗೆಂದೇ ತಯಾರಾದ ಹೆಚ್ಚು ಬಾಳಿಕೆಯ ಕಾರ್ಡನ್ನು ಕೊಳ್ಳಿ. ಸಾಮಾನ್ಯ ಕಾರ್ಡುಗಳು ಬಿಸಿಲಿನಲ್ಲಿ ನಿಂತ ಕಾರಿನ ಗಾಜಿಗೆ ಅಂಟಿಕೊಂಡು ಬಹಳ ಕಾಲ ಬಾಳುವುದಿಲ್ಲ.

ಈ ದೃಶ್ಯ ಏನನ್ನು ತೋರಿಸಲಾರದು ಎಂಬುದನ್ನೂ ನೀವು ಮೊದಲೇ ತಿಳಿದಿರಬೇಕು. ಈ ಮಸೂರಗಳು 140 ಡಿಗ್ರಿಯ ಆಸುಪಾಸಿನ ವಿಶಾಲ ಕೋನದವು. ಎದುರಿನ ವಸ್ತು ಇರುವುದಕ್ಕಿಂತ ಚಿಕ್ಕದಾಗಿ, ದೂರವಾಗಿ ಕಾಣುತ್ತದೆ. ಹಾಗಾಗಿ ‘ಇಷ್ಟು ಜಾಗವಿದ್ದರೂ ನಿಲ್ಲಿಸಲಿಲ್ಲವೇ’ ಎಂದು ನೋಡಿದವರಿಗೆ ಅನ್ನಿಸಬಹುದು. ಪರದೆಯ ಮೇಲಿನ ವೇಗವೂ ಅನೇಕ ಕ್ಯಾಮೆರಾಗಳಲ್ಲಿ ಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ, ಆದ್ದರಿಂದ ಬ್ರೇಕ್ ಒತ್ತಿದ ಕ್ಷಣದಲ್ಲಿ ಅದು ಹಿಂದುಳಿಯುತ್ತದೆ. ಇದಕ್ಕೆ ಸ್ವತಂತ್ರ ತಾಳೆಯೊಂದಿದೆ. 78 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 21.7 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಚಿತ್ರಗಳಿದ್ದರೆ ಒಂದು ಚಿತ್ರಕ್ಕೆ 72 ಸೆಂಟಿಮೀಟರ್. ರಸ್ತೆಯ ಮೇಲಿನ ಬಿಳಿ ಗೆರೆಗಳ ಉದ್ದವನ್ನೂ ಅವುಗಳ ನಡುವಿನ ಅಂತರವನ್ನೂ ಸ್ಥಳದಲ್ಲೇ ಟೇಪು ಹಿಡಿದು ಅಳೆದು, ಎಷ್ಟು ಚಿತ್ರಗಳಲ್ಲಿ ಎಷ್ಟು ಗೆರೆ ದಾಟಿದಿರಿ ಎಂದು ಎಣಿಸಿದರೆ ಜಿಪಿಎಸ್‌ನ ನೆರವಿಲ್ಲದೆ ವೇಗ ಸಿಗುತ್ತದೆ. ಎರಡು ಲೆಕ್ಕಗಳೂ ಒಂದೇ ಉತ್ತರ ಕೊಟ್ಟರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಗೆರೆಗಳಿಗೆ ಮತ್ತೆ ಬಣ್ಣ ಬಳಿಯುವ ಮೊದಲು ಹೋಗಿ ಬನ್ನಿ.

ಉತ್ತರ 3 – ನಿವೃತ್ತ ಪೊಲೀಸ್ ಸಬ್ ಇನ್‌ಸ್ಪೆಕ್ಟರ್

ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆದ್ದಾರಿ ಬದಿಯ ಠಾಣೆಗಳಲ್ಲಿ ಕೆಲಸ ಮಾಡಿದವನಾಗಿ ಬರೆಯುತ್ತಿದ್ದೇನೆ. ಅಪಘಾತದ ರಾತ್ರಿ ಠಾಣೆಯವರ ಮುಂದೆ ಗಾಯಾಳು, ಅಡ್ಡ ನಿಂತ ವಾಹನಗಳು, ಸೇರಿದ ಜನ, ಇವೇ ಇರುತ್ತವೆ. ದೊಡ್ಡ ವಾಹನದವನದ್ದೇ ತಪ್ಪು ಎಂಬ ಅಭ್ಯಾಸದ ಬರವಣಿಗೆ ದೂರಿನಲ್ಲೂ ಸ್ಥಳ ಮಹಜರಿನಲ್ಲೂ ಸೇರಿಕೊಳ್ಳುತ್ತದೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ನಾನೂ ಹಾಗೆ ಬರೆದಿದ್ದೇನೆ, ಆಮೇಲೆ ಕೆಲವು ಪ್ರಕರಣಗಳಲ್ಲಿ ಅದಕ್ಕಾಗಿ ನೊಂದಿದ್ದೇನೆ.

ನೀವು ಮಾಡಬೇಕಾದದ್ದು ಇಷ್ಟು. ಕಾರ್ಡನ್ನು ಸುಮ್ಮನೆ ಕೈಗೆ ಕೊಟ್ಟು ಬರಬೇಡಿ. ಕಡತದ ಹೆಸರು, ಗಾತ್ರ, ಹ್ಯಾಶ್ ಸಾಲು, ಕ್ಯಾಮೆರಾದ ಮಾದರಿ ಮತ್ತು ಕ್ರಮಸಂಖ್ಯೆ, ಸಮಯದಲ್ಲಿ ಐದೂವರೆ ಗಂಟೆಯ ವ್ಯತ್ಯಾಸವಿರುವುದು ಹಾಗೂ ಅದರ ಕಾರಣ, ಇವೆಲ್ಲವನ್ನೂ ಒಂದು ಮನವಿಯಲ್ಲಿ ಬರೆದು, ಕಾರ್ಡನ್ನು ಮಹಜರು ಮೂಲಕ ವಶಪಡಿಸಿಕೊಳ್ಳುವಂತೆ ತನಿಖಾಧಿಕಾರಿಯನ್ನು ಕೇಳಿ. ಪಂಚರ ಮುಂದೆ ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ, ನಿಮ್ಮ ಸಹಿಯೂ ಅದರ ಮೇಲೆ ಬೀಳಲಿ. ಈಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ ಮತ್ತು ಜಪ್ತಿಯ ಪ್ರಕ್ರಿಯೆಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲಿ ದಾಖಲಿಸಬೇಕು, ಅದನ್ನು ವಿನಯದಿಂದಲೇ ನೆನಪಿಸಿ. ಸ್ವೀಕೃತಿ ಕೊಡಲು ಹಿಂದೇಟು ಹಾಕಿದರೆ ಅದೇ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಕಳುಹಿಸಿ, ಅಂಚೆಯ ಚೀಟಿಯನ್ನು ಜೋಪಾನವಾಗಿಡಿ. ಕಡತದ ಮೇಲೆ ವಿವಾದವೆದ್ದರೆ ಅದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂತಹ ಕಡೆಗೆ ಹೋಗಬಹುದು, ಆಗ ಈ ದಾಖಲೆಗಳೇ ನಿಮ್ಮನ್ನು ಕಾಪಾಡುತ್ತವೆ. ಕಾರ್ಡು ಎಲ್ಲಿಂದ ಹೊರಟು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿಯಲ್ಲಿ ಒಂದು ದಿನದ ಖಾಲಿ ಜಾಗ ಬಿದ್ದರೂ ಎದುರು ವಕೀಲರು ಅಲ್ಲಿಯೇ ಬೆರಳಿಡುತ್ತಾರೆ.

ದೃಶ್ಯವನ್ನು ಫೇಸ್‌ಬುಕ್ಕಿಗೋ ಬೇರೆಲ್ಲಿಗೋ ಹಾಕಬೇಡಿ. 2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ದಂಪತಿಯ ಕಾರನ್ನು ಬೆನ್ನಟ್ಟಿದ ಪ್ರಕರಣದಲ್ಲಿ ಡ್ಯಾಶ್‌ಕ್ಯಾಮ್ ದೃಶ್ಯ ಹರಡಿ, ಪೊಲೀಸರು ಇಬ್ಬರನ್ನು ಬಂಧಿಸಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಆರೋಪಿಗಳನ್ನು ಹುಡುಕಬೇಕಿತ್ತು. ನಿಮ್ಮಲ್ಲಿ ಹುಡುಕಬೇಕಾದವರು ಯಾರೂ ಇಲ್ಲ. ನೋವಿನಲ್ಲಿ ಬಿದ್ದಿರುವ ಮನುಷ್ಯರೊಬ್ಬರ ಮುಖ ಊರಿಗೆಲ್ಲ ಹರಡುವುದರಿಂದ ನಿಮಗಾಗಲಿ ಅವರಿಗಾಗಲಿ ಒಳ್ಳೆಯದಾಗುವುದಿಲ್ಲ.

ಉತ್ತರ 4 – ಮಂಡ್ಯ ಜಿಲ್ಲೆಯ ಓದುಗರು

ನಾನು ಎದುರು ಬದಿಯಲ್ಲಿ ನಿಂತವಳು. ನನ್ನ ಅಣ್ಣ ರಸ್ತೆ ದಾಟುವಾಗ ಖಾಸಗಿ ಬಸ್ಸೊಂದು ಬಡಿದು ತೀರಿಕೊಂಡರು. ಬಸ್ಸಿನ ಮುಂದಿನ ಗಾಜಿನಲ್ಲಿ ಕ್ಯಾಮೆರಾ ಇತ್ತು ಎಂಬುದನ್ನು ಆಸ್ಪತ್ರೆಯಲ್ಲಿ ಪ್ರಯಾಣಿಕರೊಬ್ಬರು ಹೇಳಿದರು. ಕೇಳಿದಾಗ ಮಾಲೀಕರ ಕಡೆಯವರು ಮೊದಲು ಕ್ಯಾಮೆರಾ ಕೆಟ್ಟಿತ್ತು ಎಂದರು, ಆಮೇಲೆ ಅಳಿಸಿಹೋಗಿದೆ ಎಂದರು. ನಮ್ಮ ವಕೀಲರು ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ದಾಖಲೆಗಳನ್ನು ಹಾಜರುಪಡಿಸುವಂತೆ ಆದೇಶಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಮೋಟಾರು ವಾಹನ ಕಾಯ್ದೆಯ 169ನೇ ಕಲಮಿನಡಿ ನ್ಯಾಯಮಂಡಳಿಗಿದೆಯೆಂದು ಆಗಲೇ ನಮಗೆ ಗೊತ್ತಾದದ್ದು. ದೃಶ್ಯ ಕೊನೆಗೂ ಸಿಗಲಿಲ್ಲ, ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಬಸ್ಸಿನ ಸ್ಥಾನಪತ್ತೆ ಸಾಧನದ ದಾಖಲೆ ಮಾತ್ರ ಸಿಕ್ಕಿತು. ಪ್ರಯಾಣಿಕ ವಾಹನಗಳಲ್ಲಿ ಅದು ಕಡ್ಡಾಯವಾಗಿರುವುದರಿಂದ ಆ ಹೊತ್ತಿನ ವೇಗವಾದರೂ ತಿಳಿಯಿತು.

ಮೂರನೆಯ ದಿನವೇ ನಾವು ಲಿಖಿತವಾಗಿ, ‘ನಿಮ್ಮ ಕ್ಯಾಮೆರಾದ ದೃಶ್ಯವನ್ನು ಕಾಯ್ದಿಡಿ’ ಎಂದು ಮಾಲೀಕರಿಗೂ ಠಾಣೆಗೂ ಒಂದು ಪತ್ರ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂಬ ನೋವು ಇಂದಿಗೂ ಇದೆ. ಅಕ್ಕಪಕ್ಕದ ಅಂಗಡಿ, ಪೆಟ್ರೋಲ್ ಬಂಕುಗಳ ಸಿಸಿಟಿವಿಯೂ ಹಾಗೆಯೇ. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ 30 ದಿನಗಳ ದೃಶ್ಯವನ್ನು ಇಟ್ಟುಕೊಳ್ಳಬೇಕೆಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ, ಆದರೆ ಶವಸಂಸ್ಕಾರ, ತಿಥಿ ಮುಗಿಸಿ ಮನೆಯವರು ತಲೆಯೆತ್ತುವ ಹೊತ್ತಿಗೆ ಆ 30 ದಿನಗಳು ಮುಗಿದಿರುತ್ತವೆ.

ಪ್ರಶ್ನೆ ಕೇಳಿದವರಿಗೆ ನನ್ನದೊಂದು ಪ್ರಾರ್ಥನೆ. ನಿಮ್ಮ ಕೂಗೂ ಸೇರಿದಂತೆ ಪೂರ್ತಿ ಕಡತವನ್ನು ಮುಂದಿಡಿ. ಅದರಲ್ಲಿ ನಿಮಗೆ ಅನುಕೂಲವಾದದ್ದೂ ಇರಬಹುದು, ಆ ಸವಾರರಿಗೆ ಅನುಕೂಲವಾದದ್ದೂ ಇರಬಹುದು. ಗುದ್ದಿದ ವಾಹನದ ಕಡೆಯಿಂದ ಅಷ್ಟು ಪ್ರಾಮಾಣಿಕತೆ ನಮಗೆ ಸಿಕ್ಕಿದ್ದರೆ, ನನ್ನ ಅತ್ತಿಗೆ ನಾಲ್ಕು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರಲಿಲ್ಲ.

ಪ್ರಶ್ನೆ ಕೇಳಿದವರ ಮರುಪತ್ರ

ಎಲ್ಲರಿಗೂ ಕೃತಜ್ಞತೆಗಳು. ಮಂಡ್ಯದ ಸಹೋದರಿಯವರ ಮಾತುಗಳನ್ನು ಓದಿದ ಮೇಲೆ ಧ್ವನಿಯನ್ನು ತೆಗೆಯುವ ಯೋಚನೆಯನ್ನು ಪೂರ್ತಿ ಬಿಟ್ಟಿದ್ದೇನೆ.

ತಂತ್ರಜ್ಞರು ಹೇಳಿದಂತೆ ಪ್ರತಿಯೊಂದನ್ನು ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಮೂರು ನಿಮಿಷಗಳ ಆ ಕಡತವನ್ನು ಕೊನೆಯವರೆಗೆ ಕೇಳಿದೆ. ಈವರೆಗೆ ಡಿಕ್ಕಿಯಾದ ಮೇಲಿನ ಭಾಗವನ್ನು ಕೇಳುವ ಧೈರ್ಯ ನನಗಿರಲಿಲ್ಲ. ನಾನು ಇಳಿದು ಹೋದ ಮೇಲೆ ಕಾರಿನಲ್ಲಿ ಕುಳಿತಿದ್ದ ತಾಯಿಯವರು ನನ್ನ ತಮ್ಮನಿಗೆ ಕರೆ ಮಾಡಿ, ಅಪಘಾತವಾಯಿತು, ಬೇಗ ಹೊರಟು ಬಾ ಎಂದು ಅಳುತ್ತಾ ಹೇಳಿರುವುದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆಗ ಪರದೆಯ ಮೇಲಿರುವ ಸಮಯ 3 ಗಂಟೆ 12 ನಿಮಿಷ. ತಾಯಿಯವರ ಫೋನಿನಲ್ಲೂ ತಮ್ಮನ ಫೋನಿನಲ್ಲೂ ಆ ಕರೆ ರಾತ್ರಿ 8 ಗಂಟೆ 42 ನಿಮಿಷಕ್ಕೆ ದಾಖಲಾಗಿದೆ. ನಾನು ತೆಗೆದುಹಾಕಬೇಕೆಂದುಕೊಂಡಿದ್ದ ಧ್ವನಿಯಲ್ಲಿಯೇ ಸಮಯದ ರುಜುವಾತು ಇತ್ತು.

ಇನ್ನೆರಡು ಸಂದೇಹಗಳು ಉಳಿದಿವೆ. ಉಳಿದಿರುವುದು 40 ಸೆಕೆಂಡು ಮಾತ್ರ ಎಂಬುದನ್ನು ಎದುರು ಕಡೆಯವರು ಹೇಗೆ ಬಳಸಿಕೊಳ್ಳಬಹುದು? ಮತ್ತು ಆ ಸವಾರರ ಮನೆಯವರಿಗೆ ನಾನೇ ಹೋಗಿ ದೃಶ್ಯವನ್ನು ತೋರಿಸಬಹುದೇ? ಅವರ ಸಹೋದರರು ಆ ಸ್ಥಳದಲ್ಲಿ ಇರಲಿಲ್ಲ. ಅವರು ಸುಳ್ಳು ಬರೆಸಿದರು ಎಂದು ನನಗೆ ಅನ್ನಿಸುತ್ತಿಲ್ಲ, ಯಾರೋ ಹೇಳಿದ್ದನ್ನು ನಂಬಿ ಬರೆಸಿದ್ದಾರೆ.

ಉತ್ತರ 5 – ಅಪಘಾತ ಪ್ರಕರಣಗಳನ್ನು ನಡೆಸುವ ವಕೀಲ

ಹಿಂದಿನ ಭಾಗವನ್ನು ಬೇಕೆಂದೇ ಅಳಿಸಿದಿರಿ ಎಂದು ಖಂಡಿತ ಕೇಳುತ್ತಾರೆ. ಅದಕ್ಕೆ ಉತ್ತರ ನಿಮ್ಮ ಕಾರ್ಡಿನಲ್ಲಿಯೇ ಇದೆ. ಡಿಕ್ಕಿಯ ನಂತರದ ಎರಡು ದಿನಗಳ ಚಾಲನೆ ಅದರಲ್ಲಿ ಸಾಲಾಗಿ ಇರುವುದು, ಹಳೆಯದರ ಮೇಲೆ ಯಂತ್ರವೇ ಬರೆದಿದೆ ಎಂಬುದನ್ನು ತೋರಿಸುತ್ತದೆ. ಅದಕ್ಕಾಗಿಯೇ ಒಂದು ಕಡತವನ್ನಲ್ಲ, ಇಡೀ ಕಾರ್ಡನ್ನು ಒಪ್ಪಿಸಬೇಕು. ತಾಯಿಯವರ ಕರೆಯ ಬಗ್ಗೆ ಫೋನಿನ ಪರದೆಯ ಚಿತ್ರ ಸಾಲದು. ಆ ಕರೆಯ ವಿವರವನ್ನು ದೂರಸಂಪರ್ಕ ಸಂಸ್ಥೆಯಿಂದ ಪ್ರಮಾಣಪತ್ರ ಸಮೇತ ತರಿಸುವಂತೆ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ನ್ಯಾಯಾಲಯವನ್ನು ಕೇಳಬಹುದು. ನಿಮ್ಮ ತಾಯಿ ಮತ್ತು ತಮ್ಮ ಇಬ್ಬರೂ ಸಾಕ್ಷಿ ನುಡಿಯಲು ಸಿದ್ಧರಿರಲಿ.

ಸವಾರರ ಮನೆಗೆ ನೀವೊಬ್ಬರೇ ಹೋಗುವುದು ಬೇಡ. ನಿಮ್ಮ ಉದ್ದೇಶ ಒಳ್ಳೆಯದೇ ಆದರೂ ದೂರುದಾರರ ಮೇಲೆ ಒತ್ತಡ ಹೇರಿದಿರಿ ಎಂದು ಅದನ್ನು ತಿರುಗಿಸಬಹುದು, ಜಾಮೀನಿನ ಷರತ್ತಿಗೂ ಅದರಿಂದ ತೊಂದರೆಯಾದೀತು. ಅವರು ವಕೀಲರನ್ನು ನೇಮಿಸಿಕೊಂಡ ಮೇಲೆ ನಿಮ್ಮ ವಕೀಲರ ಮೂಲಕ, ಪತ್ರ ಸಹಿತ, ಪ್ರತಿಯನ್ನು ಕಳುಹಿಸಿ. ಅವರ ಆಸ್ಪತ್ರೆಯ ಖರ್ಚಿಗೆ ನಿಮ್ಮ ವಿಮಾ ಕಂಪನಿಯಿಂದ ಪರಿಹಾರ ಕೇಳುವ ದಾರಿ ಅವರಿಗಿದೆ, ಅವರ ತಪ್ಪು ಎಷ್ಟು ಪಾಲೆಂದು ತೀರ್ಮಾನವಾಗುತ್ತದೋ ಅಷ್ಟು ಕಡಿತವಾಗಿ ಉಳಿದದ್ದು ಸಿಗುತ್ತದೆ. ಆ ಮಾತನ್ನೂ ಪತ್ರದಲ್ಲಿ ಸೇರಿಸಬಹುದು.

ಉತ್ತರ 6 – ವಿಡಿಯೊ ಉಪಕರಣಗಳ ತಂತ್ರಜ್ಞ

ಒಂದು ವಿಷಯವನ್ನು ಹೇಳಲು ಮರೆತಿದ್ದೆ. ಐದೂವರೆ ಗಂಟೆಯ ಕಾರಣ ತಿಳಿದ ಖುಷಿಯಲ್ಲಿ ಕ್ಯಾಮೆರಾದ ಸಮಯವಲಯವನ್ನು ಈಗಲೇ ತಿದ್ದಿಬಿಡಬೇಡಿ. ಅದು ಸೊನ್ನೆಯಲ್ಲಿ ನಿಂತಿರುವುದು ನಿಮ್ಮ ವಿವರಣೆಗೆ ಆಧಾರ. ಆ ಕ್ಯಾಮೆರಾವನ್ನು ಕಾರಿನಿಂದ ಬಿಚ್ಚಿ, ಕಾರ್ಡಿನ ಜೊತೆಗೇ ಮಹಜರಿನಲ್ಲಿ ಸೇರಿಸಲು ಕೇಳಿ. ಕಾರಿಗೆ ಸದ್ಯಕ್ಕೆ ಬೇರೊಂದನ್ನು ಹಾಕಿಕೊಳ್ಳಿ, ಅದರಲ್ಲಿ ಮಾತ್ರ ಮೊದಲ ದಿನವೇ ಐದೂವರೆ ಗಂಟೆಯನ್ನು ಆರಿಸಿ, ಒಂದು ಕಡತವನ್ನು ತೆರೆದು ನೋಡಿ.